ನೀರಿನ ಲಾರಿಯ ಇಂಜಿನ್ನು

ನಲವತ್ತೊಂದು ದಿನ ಮೌನ ಹಿಡಿದಿದ್ದ ಗದಿಗಯ್ಯ ನಲವತ್ತೆರಡನೆಯ ದಿನ ಬೆಳಿಗ್ಗೆ ಬಾಯಿಬಿಟ್ಟು ಆಡಿದ ಮೊದಲ ಮಾತು ದೇವರದಲ್ಲ, ಗುರುವಿನದಲ್ಲ, ಇಂಜಿನ್ನಿನದು.

"ಅವ್ವಾರ, ಲಾರಿ ಇಂಜಿನ್ನು ಬದಲಿ ಮಾಡಿಬಿಡೋಣ್ರಿ," ಅಂದ.

ಹೊಳೆ ದಂಡೆಯ ಆ ಆಶ್ರಮದಲ್ಲಿ ಮೌನ ಮುಗಿಸಿದವರು ಮೊದಲ ಮಾತನ್ನು ಗುರುವಿನ ಎದುರು, ಎಲ್ಲರಿಗೂ ಕೇಳುವಂತೆ ಆಡಬೇಕು. ಅದು ಅಲ್ಲಿಯ ಪದ್ಧತಿ. ಮಾತು ಕೇಳಿದ ಮೇಲೆ ಗುರು ಎದ್ದು ಬಂದು ಶಿಷ್ಯನ ಹೆಗಲಿಗೆ ಕಾವಿ ಶಾಲು ಹೊದಿಸುತ್ತಾರೆ. ಅಲ್ಲಿಂದ ಮುಂದೆ ಅವನು ಇನ್ನೊಬ್ಬರಿಗೆ ಬೋಧಿಸಬಹುದು.

ಗುರುಗಳ ಹೆಸರು ಸಿದ್ಧವೀರವ್ವ ತಾಯಿ. ಎಲ್ಲರ ಬಾಯಲ್ಲಿ ಅವ್ವನವರು. ಎಪ್ಪತ್ತೆಂಟು ವರ್ಷ. ಶಾಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಏಳಲಿಲ್ಲ.

"ಬಿಚ್ಚಿ ನೋಡಿದಿಯೇನು?" ಎಂದು ಕೇಳಿದರು.

"ಇಲ್ರಿ."

"ಮತ್ತ?"

"ಬಿಚ್ಚೂದು ಯಾಕ್ರಿ? ಇಪ್ಪತ್ತಾರು ವರ್ಷದ ಇಂಜಿನ್ನು. ಬಿಚ್ಚಿದ್ರ ಕೆಲಸ ಮುಗಿಯೂದಿಲ್ಲ. ಪ್ಯಾಟ್ಯಾಗ ರಾಜೇಸಾಬ ಮಿಸ್ತ್ರಿ ಹತ್ರ ಗುಜರಿಗೆ ಬಂದ ಲಾರೀದೊಂದು ಇಂಜಿನ್ನು ಐತಂತ. ಎರಡು ದಿನದಾಗ ಕೂಡಿಸಿ ಕೊಡ್ತಾರ. ಇದನ್ನ ಹಂಗೇ ಗುಜರಿಗೆ ಹಾಕಿದ್ರಾತು."

ಅವ್ವನವರು ಶಾಲನ್ನು ಮಡಿಚಿ ಪಕ್ಕದ ಪೆಟ್ಟಿಗೆಯಲ್ಲಿಟ್ಟರು.

"ಗಂಟಲು ಒಣಗಿರತೈತಿ. ನೀರು ಕುಡಿ," ಅಂದರು.

ಆಶ್ರಮದ ಹಿಂದೆ ಗುಡ್ಡ. ಗುಡ್ಡದ ಮೇಲೆ ಕಲ್ಲುಗಣಿ, ಗಣಿಯ ಪಕ್ಕ ನಲವತ್ಮೂರು ಗುಡಿಸಲುಗಳ ಕೇರಿ. ಅಲ್ಲಿ ಎಲ್ಲಿ ಕೊರೆದರೂ ಸವಳು ನೀರು, ಬಾಯಿಗಿಡಲು ಬರುವುದಿಲ್ಲ. ಆಶ್ರಮದ ಬಾವಿಯ ಸಿಹಿನೀರನ್ನು ಟಾಕಿಯಲ್ಲಿ ತುಂಬಿಕೊಂಡು ಲಾರಿ ದಿನಕ್ಕೆ ಎರಡು ಸಲ ಗುಡ್ಡ ಹತ್ತುತ್ತಿತ್ತು, ಬೆಳಿಗ್ಗೆ ಆರಕ್ಕೊಂದು, ಮಧ್ಯಾಹ್ನ ನಾಲ್ಕಕ್ಕೊಂದು. ಹನ್ನೊಂದು ವರ್ಷದಲ್ಲಿ ಅದು ತಪ್ಪಿದ್ದು ಒಟ್ಟು ಒಂಬತ್ತು ದಿನ.

ಗದಿಗಯ್ಯ ಮೊದಲು ದೂರದ ಹಾದಿಯ ಲಾರಿ ಓಡಿಸುತ್ತಿದ್ದವನು. ಒಮ್ಮೆ ಸಿಮೆಂಟಿನ ಚೀಲ ಇಳಿಸಲೆಂದು ಆಶ್ರಮಕ್ಕೆ ಬಂದು, ಪ್ರಸಾದ ಉಂಡು, ಮಾಲೀಕರಿಗೆ ಲಾರಿ ಮುಟ್ಟಿಸಿ ತಿರುಗಿ ಇಲ್ಲಿಗೇ ಬಂದುಬಿಟ್ಟ. ಆರು ವರ್ಷ ನೀರಿನ ಲಾರಿ ಓಡಿಸಿದ. ಸಾಧನೆಯ ಕಡೆ ಮನಸ್ಸು ತಿರುಗಿದ ಮೇಲೆ ಸ್ಟೇರಿಂಗನ್ನು ಯಮನಪ್ಪನಿಗೆ ಕಲಿಸಿಕೊಟ್ಟ.

ಯಮನಪ್ಪ ಮೇಲಿನ ಕೇರಿಯವನೇ. ಹದಿನೇಳನೆಯ ವಯಸ್ಸಿನಿಂದ ಗಣಿಯಲ್ಲಿ ಕಲ್ಲು ಸಿಡಿಸಿ ಸಿಡಿಸಿ ಕಿವಿ ಮಂದವಾಗಿತ್ತು. ಎದುರು ನಿಂತು ಗಟ್ಟಿಯಾಗಿ ಮಾತಾಡಿದರೆ ಕೇಳುತ್ತಿತ್ತು. ಹಾರ್ನ್ ಕೇಳುತ್ತಿತ್ತು. ಒಳಗಿನ ಸಣ್ಣ ಸದ್ದು ಕೇಳುತ್ತಿರಲಿಲ್ಲ. ಕೈ ಮಾತ್ರ ಬಲು ಸ್ಥಿರ. ಅದಕ್ಕೇ ಅವ್ವನವರು ಒಂದು ಏರ್ಪಾಡು ಮಾಡಿದ್ದರು. ಪ್ರತಿ ಸಲವೂ ಗದಿಗಯ್ಯ ಪಕ್ಕದ ಸೀಟಿನಲ್ಲಿ ಕೂರಬೇಕು. ಓಡಿಸುವುದು ಅವನು, ಕೇಳಿಸಿಕೊಳ್ಳುವುದು ಇವನು.

ಮೌನ ಹಿಡಿದ ಮೇಲೂ ಗದಿಗಯ್ಯ ಅದೇ ಸೀಟಿನಲ್ಲಿ ಕೂರುತ್ತಿದ್ದ. ಮೇಲೆ ಹೋಗಿ ಪೈಪು ಹಿಡಿಯುವುದಕ್ಕೆ ಬಾಯಿ ಬೇಕಿರಲಿಲ್ಲ.

ಮೂವತ್ತಾರನೆಯ ದಿನ ಬೆಳಿಗ್ಗೆ, ಎರಡನೆಯ ತಿರುವಿನಲ್ಲಿ, ಇಂಜಿನ್ನಿನ ಹೊಟ್ಟೆಯೊಳಗಿಂದ ಟಕ್ ಟಕ್ ಎಂಬ ಸದ್ದು ಬಂತು.

ಗದಿಗಯ್ಯನಿಗೆ ಅದು ಕೇಳಿಸಿತು. ಏನೆಂದೂ ತಿಳಿಯಿತು. ಒಳಗೆ ಬೇರಿಂಗ್ ಸವೆದು ಸಡಿಲಾಗಿದೆ, ಗಾಡಿ ನಿಲ್ಲಿಸಬೇಕು. ಲಾರಿಯವರಲ್ಲಿ ಇದು ತಿಳಿಯದವನಿಲ್ಲ.

ಆದರೆ ಆಶ್ರಮದಲ್ಲಿ ಮೌನವೆಂದರೆ ಮಾತಿಲ್ಲ, ಬರಹವಿಲ್ಲ, ಸನ್ನೆಯೂ ಇಲ್ಲ. ಏಳು ವರ್ಷದಿಂದ ಅದನ್ನು ಪೂರ್ತಿ ಮುಗಿಸಿದವರು ಒಬ್ಬರೂ ಇರಲಿಲ್ಲ. ಒಬ್ಬ ಹದಿನೆಂಟನೆಯ ದಿನ ಚೇಳು ಕಚ್ಚಿ ಕೂಗಿದ್ದ. ಇನ್ನೊಬ್ಬ ಮೂವತ್ತನೆಯ ದಿನ ಸಾರಿಗೆ ಉಪ್ಪು ಕೇಳಿ ಕೆಟ್ಟಿದ್ದ. ಕೊನೆಯ ದಿನಗಳಲ್ಲಿ ವಿಘ್ನ ಬರುತ್ತದೆ, ಯಾವ ರೂಪದಲ್ಲಾದರೂ ಬಂದು ಬಾಯಿ ಬಿಡಿಸುತ್ತದೆ ಎಂದು ಹಿರಿಯರು ಎಚ್ಚರಿಸಿದ್ದರು.

ಇದೇ ಆ ವಿಘ್ನ ಎಂದು ಗದಿಗಯ್ಯ ತಿಳಿದುಕೊಂಡ.

ಕಣ್ಣು ಮುಚ್ಚಿ ಮನಸ್ಸಿನಲ್ಲೇ ಜಪ ಹಿಡಿದ. ಸದ್ದು ಜೋರಾದಂತೆ ಜಪವನ್ನೂ ಜೋರು ಮಾಡಿದ. ಮರುದಿನದ ಹೊತ್ತಿಗೆ ಜಪ ಇಂಜಿನ್ನಿನ ತಾಳಕ್ಕೇ ಕೂಡಿಕೊಂಡಿತು. ಅದರಲ್ಲಿ ಅವನಿಗೆ ಒಂದು ಬಗೆಯ ಆನಂದವೂ ಆಯಿತು.

ಮೂವತ್ತೊಂಬತ್ತನೆಯ ದಿನ ಮಧ್ಯಾಹ್ನ, ತುಂಬಿದ ಟಾಕಿಯೊಂದಿಗೆ ಕಡೆಯ ಏರು ಹತ್ತುವಾಗ, ಇಂಜಿನ್ನು ಒಮ್ಮೆಲೇ ಹಿಡಿದುಕೊಂಡು ನಿಂತುಬಿಟ್ಟಿತು. ಇಂಜಿನ್ನು ನಿಂತ ಮೇಲೆ ಬ್ರೇಕೂ ಹಿಡಿಯಲಿಲ್ಲ. ಲಾರಿ ಹಿಂದಕ್ಕೆ ಜಾರಿತು. ಯಮನಪ್ಪ ಹೊರಗೆ ಹಾರಬಹುದಿತ್ತು, ಹಾರಲಿಲ್ಲ. ಸ್ಟೇರಿಂಗು ತಿರುಗಿಸಿ ಲಾರಿಯನ್ನು ಕಂದಕದ ಕಡೆಯಿಂದ ಬಂಡೆಯ ಕಡೆ ತಂದು ಒರಗಿಸಿದ. ಬಾಗಿಲಿಗೂ ಬಂಡೆಗೂ ನಡುವೆ ಅವನ ಬಲಗೈ ಸಿಕ್ಕಿಕೊಂಡಿತು. ಮೊಣಕೈ ಕೆಳಗೆ ಎರಡು ಕಡೆ ಮುರಿಯಿತು.

ಗದಿಗಯ್ಯನಿಗೆ ಒಂದು ಗೀರೂ ಬೀಳಲಿಲ್ಲ. ಅವನ ಬಾಯಿಂದ ಒಂದು ದನಿಯೂ ಹೊರಡಲಿಲ್ಲ. ಎಂಥ ನಿಷ್ಠೆ ಎಂದು ಜನ ಕೈಮುಗಿದರು.

ಈಗ ಮೌನ ಮುಗಿದಿತ್ತು. ಇಂಜಿನ್ನು ಬಿಚ್ಚಿದರೆ ಒಳಗೆ ಏನು ಕಾಣುತ್ತದೆಂದು ಆಶ್ರಮದಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಅದೇ ದಿನ ಪಾರುಪತ್ಯದ ನಾಗಭೂಷಣಪ್ಪ ಅವ್ವನವರ ಬಳಿ ಬಂದ. ಯಮನಪ್ಪನನ್ನು ಕೆಲಸದಿಂದ ಬಿಡಿಸಬೇಕು ಅಂದ. ಆಯಿಲ್ ನೋಡದೆ ಗಾಡಿ ಓಡಿಸಿದ್ದಾನೆ, ಇಂಥವನ ಕೈಗೆ ಆಶ್ರಮದ ಲಾರಿ ಕೊಡಬಾರದು, ಬೇರೆ ಒಬ್ಬನನ್ನು ನೋಡಿದ್ದೇನೆ ಎಂದೂ ಹೇಳಿದ.

ಯಮನಪ್ಪ ಕೈಗೆ ಪಟ್ಟಿ ಹಾಕಿಸಿಕೊಂಡು ಬೇವಿನ ಮರದ ಕೆಳಗೆ, ಗುಡ್ಡದಿಂದ ಎಳೆದು ತಂದು ನಿಲ್ಲಿಸಿದ್ದ ಲಾರಿಯ ಪಕ್ಕದಲ್ಲೇ ಕೂತಿರುತ್ತಿದ್ದ. ಯಾರು ಕೇಳಿದರೂ ಒಂದೇ ಮಾತು. ದಿನಾ ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ಆಯಿಲ್ ನೋಡಿದ್ದೇನೆ.

ಅವನು ಹೇಳುವುದು ನಿಜವೆಂದು ಗದಿಗಯ್ಯ ಬಲ್ಲ. ಮೂವತ್ತೊಂಬತ್ತು ದಿನವೂ ಪಕ್ಕದಲ್ಲಿ ನಿಂತು ನೋಡಿದ್ದ.

ನಾಗಭೂಷಣಪ್ಪನ ಮಾತಿಗೆ ಅವ್ವನವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ರಾಜೇಸಾಬ ಮಿಸ್ತ್ರಿಗೆ ಹೇಳಿ ಕಳಿಸಿದರು.

ಮರುದಿನ ಮುಂಜಾನೆಯ ಬಸ್ಸಿಗೇ ಮಿಸ್ತ್ರಿ ಬಂದ. ಐವತ್ತು ದಾಟಿದ ಮನುಷ್ಯ. ಹೆಗಲ ಮೇಲೆ ಬೋಲ್ಟು ಬಿಚ್ಚುವ ಪಾನಾಗಳ ಚೀಲ, ಬಾಯಿತುಂಬ ಎಲೆ. ಗದಿಗಯ್ಯನ ಮೊದಲ ಮಾತಿನ ಸುದ್ದಿ ಅವನಿಗೆ ಬಸ್ಸಿನಲ್ಲೇ ಸಿಕ್ಕಿತ್ತು.

"ನಲವತ್ತೊಂದು ದಿನ ಬಾಯಿ ಕಟ್ಟಿ, ಕಡೀಕ ನನ್ನ ಗ್ಯಾರೇಜಿಗೆ ಗಿರಾಕಿ ಹುಡುಕಿಕೊಟ್ರಿ, ಸ್ವಾಮ್ಯಾರ," ಎಂದು ನಕ್ಕ. "ನಮ್ಮ ಹುಡುಗರೂ ಹಿಂಗ ಮೌನ ಹಿಡಿದ್ರ ಚಲೋ ಇತ್ತು."

ಗದಿಗಯ್ಯ ನಗಲಿಲ್ಲ.

ರಿಪೇರಿಯೋ ಬದಲಿಯೋ ಎಂದು ಅವ್ವನವರು ಮಿಸ್ತ್ರಿಯನ್ನು ಕೇಳಿದರು. ಬಿಚ್ಚದೆ ಹೇಳಲು ತಾನು ಜ್ಯೋತಿಷಿಯಲ್ಲ ಎಂದು ಅವನು ಉತ್ತರ ಕೊಟ್ಟ. ಇಂಜಿನ್ನಿನ ಮೈ, ಅಂದರೆ ಬ್ಲಾಕು, ಒಡೆದಿದ್ದರೆ ಗುಜರಿ, ಬ್ಲಾಕು ಗಟ್ಟಿಯಿದ್ದರೆ ರಿಪೇರಿ.

ಗದಿಗಯ್ಯ ಅಡ್ಡ ಬಾಯಿ ಹಾಕಿದ. ಬಿಚ್ಚುತ್ತ ಕೂತರೆ ಅಷ್ಟು ದಿನವೂ ಕೇರಿಯ ಹೆಂಗಸರು ಬಿಸಿಲಲ್ಲಿ ಗುಡ್ಡ ಇಳಿದು ಹತ್ತಬೇಕಾಗುತ್ತದೆ, ಅವರ ಮುಖ ನೋಡಿಯಾದರೂ ಬೇರೆ ಇಂಜಿನ್ನು ಹಾಕಿಬಿಡಬೇಕು ಅಂದ. ಮಾತು ಸರಿಯಾಗಿಯೇ ಇತ್ತು. ಅಲ್ಲಿದ್ದ ಎಲ್ಲರೂ ತಲೆದೂಗಿದರು.

ಅವ್ವನವರು ಎತ್ತಿನ ಗಾಡಿ ಎರಡಕ್ಕೂ ಪೀಪಾಯಿ ಹೇರಿಸಿ ಗುಡ್ಡಕ್ಕೆ ಕಳಿಸಿದರು. ಲಾರಿಯಷ್ಟಲ್ಲದಿದ್ದರೂ ಮನೆಗೊಂದು ಕೊಡವಾದರೂ ಸಿಗುತ್ತಿತ್ತು. ಆಮೇಲೆ ಮಿಸ್ತ್ರಿಯ ಚೀಲದಿಂದ ಒಂದು ಪಾನಾ ತೆಗೆದು ಗದಿಗಯ್ಯನ ಮುಂದೆ ಹಿಡಿದರು.

"ನೀನ ಬಿಚ್ಚು."

ಗದಿಗಯ್ಯ ಲಾರಿಯ ಕೆಳಗೆ ಅಂಗಾತ ಮಲಗಿ ಇಂಜಿನ್ನಿನ ತಳದ ಆಯಿಲ್ ಚೇಂಬರಿನ ಬೋಲ್ಟುಗಳನ್ನು ಬಿಚ್ಚಿದ. ಕಪ್ಪು ಆಯಿಲ್ ಬೋಗುಣಿಗೆ ಇಳಿಯಿತು. ಬೋಗುಣಿ ತುಂಬಿ ಇನ್ನೊಂದು ಬೋಗುಣಿ ಇಡಬೇಕಾಯಿತು.

ಮಿಸ್ತ್ರಿ ಆಯಿಲಿನಲ್ಲಿ ಬೆರಳದ್ದಿ ಬಿಸಿಲಿಗೆ ಹಿಡಿದ. ಬೆರಳ ತುಂಬ ಬೆಳ್ಳಿಯಂಥ ಪುಡಿ ಮಿನುಗುತ್ತಿತ್ತು.

"ಆಯಿಲ್ ತುಂಬಾನ ಐತಿ. ಡ್ರೈವರಂದು ತಪ್ಪಿಲ್ಲ," ಅಂದ.

ನಾಗಭೂಷಣಪ್ಪ ಅಲ್ಲಿಯೇ ನಿಂತಿದ್ದ. ಹಾಗಾದರೆ ತಪ್ಪು ಯಾರದು ಎಂದು ಕೇಳಿದ.

ಮಿಸ್ತ್ರಿ ಉತ್ತರ ಕೊಡದೆ ತಾನೂ ಕೆಳಗೆ ತೂರಿದ. ಸ್ವಲ್ಪ ಹೊತ್ತಿಗೆ ಒಂದು ಬೇರಿಂಗಿನ ತುಂಡು ಹಿಡಿದು ಹೊರಗೆ ಬಂದ. ಅರ್ಧ ಬಳೆಯ ಆಕಾರ. ಸವೆದು ಸವೆದು ಎಲೆಯಷ್ಟು ತೆಳ್ಳಗಾಗಿತ್ತು, ಅಂಚು ಬಿಸಿಗೆ ನೀಲಿಗಟ್ಟಿತ್ತು.

"ಇದು ಒಂದು ದಿನಕ್ಕ ಸತ್ತ ಇಂಜಿನ್ನಲ್ರಿ, ಅವ್ವಾರ. ಕಡಿಮಿ ಅಂದ್ರ ಮೂರು ದಿನ ಒದರೇತಿ. ಯಮನಪ್ಪಗ ಪಾಪ ಕೇಳಿಲ್ಲ. ಬಾಜೂಕ ಯಾರೂ ಕೂತಿರಲಿಲ್ಲೇನು?"

ಪಾತ್ರೆ ತೊಳೆಯುತ್ತಿದ್ದ ಹೆಂಗಸರೂ ಕೈ ನಿಲ್ಲಿಸಿದರು. ಯಮನಪ್ಪ ಮರದ ಕೆಳಗಿಂದ ಎಲ್ಲರ ಮುಖ ನೋಡಿದ. ಏನು ಮಾತು ನಡೆದಿದೆ ಎಂದು ಅವನಿಗೆ ಕೇಳಿಸಿರಲಿಲ್ಲ.

ಮಿಸ್ತ್ರಿ ಊಟಕ್ಕೆ ಎದ್ದು ಹೋದ. ಗದಿಗಯ್ಯ ಹೊಳೆಗೆ ಹೋಗಿ ಕೈ ತೊಳೆದ. ಜಿಡ್ಡು ಹೋಗಲಿಲ್ಲ. ಮರಳು ಹಾಕಿ ತಿಕ್ಕಿದ. ಹಾಗೇ ಅವ್ವನವರ ಕೋಣೆಯ ಬಾಗಿಲಿಗೆ ಬಂದು ನಿಂತ.

ಅವ್ವನವರು ಹೆಸರುಕಾಳು ಹಸನು ಮಾಡುತ್ತಿದ್ದರು.

"ಅವ್ವಾರ, ಒಂದು ಸಂಶಯ. ಹಿಡಿದ ವ್ರತ ದೊಡ್ಡದೋ, ಇನ್ನೊಬ್ಬರ ಪ್ರಾಣ ದೊಡ್ಡದೋ? ಶಾಸ್ತ್ರದಾಗ ಇದಕ್ಕ ಏನು ಹೇಳ್ಯಾರ್ರಿ?"

ಅವ್ವನವರು ಮೊರದಿಂದ ಒಂದು ಹರಳು ಆರಿಸಿ ಹೊರಗೆ ಎಸೆದರು.

"ನೀ ಕೇಳಾಕ ಬಂದಿಯೋ, ಹೇಳಾಕ ಬಂದಿಯೋ?"

ಗದಿಗಯ್ಯ ನಿಂತಲ್ಲೇ ಕುಸಿದು ಕೂತ. ಆಮೇಲೆ ಎಲ್ಲವನ್ನೂ ಹೇಳಿದ. ಎರಡನೆಯ ತಿರುವು, ಟಕ್ ಟಕ್ ಸದ್ದು, ಅದಕ್ಕೆ ಹೊಂದಿಕೊಂಡ ಜಪ, ಅದರಲ್ಲಿ ಸಿಕ್ಕ ಆನಂದ. ಇಂಜಿನ್ನು ಬಿಚ್ಚದಂತೆ ಗುಜರಿಗೆ ಕಳಿಸಬೇಕೆಂದಿದ್ದನ್ನೂ ಬಿಡಲಿಲ್ಲ.

ಅವ್ವನವರು ಕೊನೆಯವರೆಗೂ ಕೇಳಿದರು. ಕಾಳು ಆರಿಸುವ ಕೈ ನಿಂತಿತ್ತು.

"ನಿನಗ ಮೌನ ಕೊಟ್ಟಾಕಿ ನಾನು," ಅಂದರು. "ಮೌನ ಹಿಡಿದವನನ್ನ ಆ ಸೀಟಿನ್ಯಾಗ ಕೂರಾಕ ಬಿಟ್ಟಾಕಿನೂ ನಾನು. ನನ್ನ ಪಾಲಿನ ತಪ್ಪನ್ನ ನಾ ಮೊನ್ನೆನ ಯಮನಪ್ಪನ ಮುಂದ ಒಪ್ಪಿಕೊಂಡು ಬಂದೀನಿ. ಅವ ಏನಂದ ಗೊತ್ತೇನು?"

ಗದಿಗಯ್ಯ ತಲೆ ಎತ್ತಲಿಲ್ಲ.

"'ಮೌನ ಇದ್ರೇನಾತು ಬಿಡ್ರಿ, ಗದಿಗಯ್ಯನವ್ರಿಗೆ ಕೇಳಿಸಿದ್ರ ಅವ್ರು ಹೇಳದ ಇರ್ತಿದ್ರೇನು' ಅಂದ."

ಗದಿಗಯ್ಯನ ಹೆಗಲು ಅಲುಗುತ್ತಿತ್ತು.

"ನನ್ನ ತಪ್ಪಾತ್ರಿ, ಅವ್ವಾರ."

"ಅದನ್ನ ನನ್ನ ಮುಂದ ಯಾಕ ಹೇಳ್ತಿ? ನನ್ನ ಕೈ ಮುರಿದಿಲ್ಲ."

ಗದಿಗಯ್ಯ ಎದ್ದು ಬೇವಿನ ಮರದ ಕಡೆ ನಡೆದ. ಯಮನಪ್ಪ ಎಡಗೈಯಲ್ಲಿ ರೊಟ್ಟಿ ಮುರಿಯಲು ಒದ್ದಾಡುತ್ತಿದ್ದ. ಅಂಗಳದಲ್ಲಿ ಪಂಕ್ತಿ ಕೂತಿತ್ತು. ಮಿಸ್ತ್ರಿ, ನಾಗಭೂಷಣಪ್ಪ, ಅಡಿಗೆಯ ಹೆಂಗಸರು ಎಲ್ಲರೂ ಅಲ್ಲೇ ಇದ್ದರು.

ಗದಿಗಯ್ಯ ಅವನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ದನಿ ತಗ್ಗಿಸಿ ಹೇಳಿದ. "ಯಮನಪ್ಪ, ನನಗ ಕೇಳಿಸಿತ್ತು."

"ಏನ್ರಿ?" ಅಂದ ಯಮನಪ್ಪ.

"ಇಂಜಿನ್ನಿನ ಸಪ್ಪಳ. ನನಗ ಕೇಳಿಸಿತ್ತು."

"ಸ್ವಲ್ಪ ಗಟ್ಟಿ ಹೇಳ್ರಿ. ಈ ಕಿವಿ ಪೂರ್ತಿ ಹೋಗೇತಿ." ಯಮನಪ್ಪ ರೊಟ್ಟಿ ಬಿಟ್ಟು ಇನ್ನೊಂದು ಕಿವಿಯನ್ನು ಅವನ ಕಡೆ ತಿರುಗಿಸಿದ.

ಗದಿಗಯ್ಯ ಸುತ್ತ ನೋಡಿದ. ಎದ್ದು ನಿಂತ. ನಲವತ್ತೊಂದು ದಿನ ಮುಚ್ಚಿದ್ದ ಗಂಟಲು. ದನಿ ಒಡೆದು ಬಂತು.

"ಇಂಜಿನ್ನು ಹೊಡಕೊಳ್ಳೂದು ನನಗ ಕೇಳಿಸಿತ್ತು ಯಮನಪ್ಪ. ಮೂರು ದಿನ ಮೊದಲ ಕೇಳಿಸಿತ್ತು. ವ್ರತ ಕೆಡತೈತಿ ಅಂತ ನಾ ನಿನಗ ಹೇಳಲಿಲ್ಲ."

ಪಂಕ್ತಿಯಲ್ಲಿ ಎಲ್ಲರ ಕೈಯೂ ಎಲೆಯ ಮೇಲೇ ನಿಂತಿತು.

ಯಮನಪ್ಪ ಬಹಳ ಹೊತ್ತು ಅವನ ಬಾಯಿಯನ್ನೇ ನೋಡಿದ. ಕೇಳಿಸಿದ್ದು ಸರಿಯೋ ತಪ್ಪೋ ಎಂದು ಮತ್ತೊಮ್ಮೆ ನೋಡಿ ತಿಳಿದುಕೊಳ್ಳುವವನಂತೆ.

"ಮೂರು ದಿನ?" ಅಂದ.

"ಮೂರು ದಿನ."

"ಲಾರಿ ಜಾರಿದ ದಿನ ನಮ್ಮವ್ವ ಸಂತಿ ಮುಗಿಸಿ ಲಾರ್ಯಾಗ ಬರಾಕಿ ಇದ್ಲು. ಹಿಂದ ಟಾಕಿ ಮ್ಯಾಲೆ ಕೂರ್ತಿದ್ಲು. ಸಂತ್ಯಾಗ ಯಾರೋ ಬೀಗರು ಸಿಕ್ಕು ತಡ ಆತು, ಉಳಿದ್ಲು."

ಅಷ್ಟೇ ಹೇಳಿದ. ಮುಖ ತಿರುಗಿಸಿಕೊಂಡು ಎಡಗೈಯಿಂದ ರೊಟ್ಟಿ ಮುರಿಯತೊಡಗಿದ. ಗದಿಗಯ್ಯ ಮುರಿದುಕೊಡಲು ಕೈ ಚಾಚಿದ. ಯಮನಪ್ಪ ತಾಟನ್ನು ತನ್ನ ಕಡೆ ಎಳೆದುಕೊಂಡ.

ನಾಗಭೂಷಣಪ್ಪ ಅರ್ಧ ಊಟಕ್ಕೆ ಎದ್ದ. ಬಾಗಿಲಲ್ಲಿ ನಿಂತಿದ್ದ ಅವ್ವನವರು ಅವನನ್ನು ತಡೆದು, ಯಮನಪ್ಪನ ಜಾಗಕ್ಕೆ ನೋಡಿದ್ದವನು ಸಿಕ್ಕನೇ ಎಂದು ಕೇಳಿದರು. ಅವನು ತಲೆ ತಗ್ಗಿಸಿ ಕೈ ತೊಳೆಯಲು ಹೋದ. ಆ ಸುದ್ದಿ ಮತ್ತೆ ಏಳಲಿಲ್ಲ.

ಸಂಜೆಯ ಹೊತ್ತಿಗೆ ಮಿಸ್ತ್ರಿ ತನ್ನ ಲೆಕ್ಕಾಚಾರ ಮುಗಿಸಿದ. ಬ್ಲಾಕು ಗಟ್ಟಿಯಿದೆ. ಬೇರಿಂಗು ಕೂರುವ ಕ್ರ್ಯಾಂಕು ದಂಡವನ್ನು ದೊಡ್ಡ ಊರಿನ ಲೇತ್ ಯಂತ್ರಕ್ಕೆ ಕಳಿಸಿ ತೀಡಿಸಿ ತರಬೇಕು, ಅದಕ್ಕೆ ಇಪ್ಪತ್ತು ದಿನ. ಹಾಗೆ ಮಾಡಿದರೆ ಈ ಇಂಜಿನ್ನು ಇನ್ನೂ ಹತ್ತು ವರ್ಷ ಓಡುತ್ತದೆ. ಬದಲಿ ಇಂಜಿನ್ನಾದರೆ ಎರಡೇ ದಿನ, ಆದರೆ ಅದು ಬೇರೆಯವರು ದುಡಿಸಿ ಬಿಟ್ಟದ್ದು. ಎರಡು ವರ್ಷ ಬಂದರೆ ಪುಣ್ಯ.

ಗದಿಗಯ್ಯ ಅವ್ವನವರ ಪಾದದ ಬಳಿ ಬಂದು ಕೂತ.

"ರಿಪೇರಿನ ಮಾಡೋಣ್ರಿ. ಎಲ್ಲಾ ಕೆಲಸ ನಾನ ಮಾಡ್ತೀನಿ. ಮಿಸ್ತ್ರಿ ಹೇಳಿಕೊಡಲಿ ಸಾಕು. ನಾ ಕೊಂದದ್ದನ್ನ ನನ್ನ ಕೈಯ್ಯಾರೆ ಬದುಕಿಸ್ತೀನಿ. ಇಪ್ಪತ್ತು ದಿನ ಒಪ್ಪತ್ತು ಊಟ ಮಾಡ್ತೀನಿ, ಲಾರಿ ಕೆಳಗ ಮಲಗ್ತೀನಿ. ಗುಜರಿ ಇಂಜಿನ್ನು ತರೂದು ಬ್ಯಾಡ."

ಅವ್ವನವರು ಅವನನ್ನು ನೋಡಿದರು.

"ನಿನ್ನೆ ಬದಲಿ ಅಂದಿ. ಇವತ್ತು ರಿಪೇರಿ ಅಂತಿ. ಇಂಜಿನ್ನು ನಿನ್ನೆ ಇದ್ದಂಗ ಇವತ್ತೂ ಐತಿ."

"ನಿನ್ನೆ ನನ್ನ ಮನಸ್ಸು ಕೆಟ್ಟಿತ್ರಿ. ಇವತ್ತು ತಿಳಿ ಆಗೇತಿ."

"ಹೌದೇನು?" ಅಂದರು ಅವ್ವನವರು. "ಹಂಗಾದ್ರ ನಾಳೆ ಮುಂಜಾನೆ ಎರಡು ಕೊಡ ತಗೊಂಡು ಗುಡ್ಡ ಹತ್ತು. ಯಮನಪ್ಪನ ಮನೀಗೆ ನೀರು ಮುಟ್ಟಿಸಿ ಬಾ."

ಬೆಳಿಗ್ಗೆ ಗದಿಗಯ್ಯ ಹೆಗಲಿಗೊಂದು, ಕೈಗೊಂದು ಕೊಡ ಹಿಡಿದು ಹೊರಟ. ಲಾರಿಯಲ್ಲಿ ಹದಿನೈದು ನಿಮಿಷದ ಹಾದಿ, ಕಾಲಲ್ಲಿ ಒಂದೂವರೆ ತಾಸು. ಕೇರಿಯ ಹೆಂಗಸರು ಖಾಲಿ ಕೊಡ ಹಿಡಿದು ಇಳಿಯುತ್ತಿದ್ದರು, ತುಂಬಿದ ಕೊಡ ಹೊತ್ತವರು ಅವನನ್ನು ದಾಟಿ ಮೇಲೆ ಹೋಗುತ್ತಿದ್ದರು. ಯಾರೂ ಅವನನ್ನು ಮಾತಾಡಿಸಲಿಲ್ಲ. ಪಂಕ್ತಿಯ ಸುದ್ದಿ ಅವನಿಗಿಂತ ಮೊದಲೇ ಗುಡ್ಡ ಹತ್ತಿತ್ತು.

ಬಂಡೆಗೆ ಲಾರಿ ಉಜ್ಜಿದ ಗುರುತಿನ ಹತ್ತಿರ ಅವನು ಕೊಡ ಇಳಿಸಿ ನಿಂತ. ಅಲ್ಲಿಂದ ಕಂದಕ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಯನ್ನು ನೋಡಿದ. ಮತ್ತೆ ಕೊಡ ಎತ್ತಿದ.

ಯಮನಪ್ಪನ ತಾಯಿ ದ್ಯಾಮವ್ವ ಗುಡಿಸಲ ಮುಂದೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಹಿಂದಿನ ದಿನ ತಾನೂ ಒಂದು ಸಲ ಇಳಿದು ಹತ್ತಿದ್ದಳಂತೆ. ಕೊಡ ಎರಡನ್ನೂ ನೋಡಿದಳು. ದಾರಿಯಲ್ಲಿ ತುಳುಕಿ ಮುಕ್ಕಾಲೇ ಉಳಿದಿತ್ತು.

"ಹೊಸಬರು," ಅಂದಳು. "ಕೊಡದ ಬಾಯಿಗೆ ಬೇವಿನ ಸೊಪ್ಪು ಹಾಕ್ಕೋಬೇಕ್ರಿ, ತುಳುಕೂದಿಲ್ಲ."

ಗದಿಗಯ್ಯ ಅವಳ ಕಾಲು ಮುಟ್ಟಲು ಬಾಗಿದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಎಣ್ಣೆ ಆಗಿದೆ, ಕೈಗೆ ಹತ್ತುತ್ತದೆ ಎಂದು ನೆವ ಹೇಳಿದಳು.

"ಲಾರಿ ಯಾವತ್ತು ಬರತೈತಿ?" ಎಂದು ಕೇಳಿದಳು.

"ಹಳೆ ಇಂಜಿನ್ನನ್ನ ರಿಪೇರಿ ಮಾಡಬೇಕಂತೀನವ್ವ. ನಾನ ಕೂತು ಮಾಡ್ತೀನಿ. ಇಪ್ಪತ್ತು ದಿನ ಆಗತೈತಿ."

ದ್ಯಾಮವ್ವ ತನ್ನ ಎರಡೂ ಮೊಣಕಾಲುಗಳನ್ನು ನೋಡಿದಳು.

"ತಡೀರಿ, ಇವಕ್ಕೂ ಒಂದು ಮಾತು ಹೇಳ್ತೀನಿ," ಅಂದಳು. "ಇನ್ನ ಇಪ್ಪತ್ತು ದಿನ ತಾಳಿಕೊಳ್ರವ್ವ, ಸ್ವಾಮ್ಯಾರಿಗೆ ಕೆಲಸ ಐತಿ ಅಂತ."

ಗದಿಗಯ್ಯ ನೀರನ್ನು ಹರವಿಗೆ ಸುರಿದು, ಖಾಲಿ ಕೊಡ ಎತ್ತಿಕೊಂಡು ಗುಡ್ಡ ಇಳಿದ.

ಅವ್ವನವರು ಬಾವಿಯ ಕಟ್ಟೆಯ ಮೇಲಿದ್ದರು. ಗದಿಗಯ್ಯ ದೂರದಲ್ಲೇ ನಿಂತ.

"ನನ್ನ ಮನಸ್ಸು ಇನ್ನೂ ತಿಳಿ ಆಗಿಲ್ರಿ, ಅವ್ವಾರ," ಅಂದ. "ಮೊದಲು ಮುಚ್ಚಿಡಾಕ ನೋಡಿದೆ. ಆಮ್ಯಾಲೆ ತೊಳಕೊಳ್ಳಾಕ ನೋಡಿದೆ. ಎರಡೂ ಸಲ ನನ್ನ ಸಲುವಾಗೇ ಆತು. ನೀರು ಹೊರೋರು ಕಣ್ಣಿಗೆ ಬೀಳಲಿಲ್ಲ. ಈಗ ನೀವ ಹೇಳ್ರಿ, ಯಾವುದು ಸರಿ?"

"ನಾ ಲಾರಿ ಓಡಿಸೇನೇನು? ಓಡಿಸಿದವ ಮರದ ಕೆಳಗ ಕೂತಾನ. ಐದು ದಿನ ಆತು. ಅವನನ್ನ ಒಬ್ಬರಾದ್ರೂ ಕೇಳೀರೇನು?"

ಕೇಳಿರಲಿಲ್ಲ. ಅವ್ವನವರು, ಮಿಸ್ತ್ರಿ, ನಾಗಭೂಷಣಪ್ಪ, ಗದಿಗಯ್ಯ ಎಲ್ಲರೂ ಆ ಇಂಜಿನ್ನಿನ ಬಗ್ಗೆ ಮಾತಾಡಿದ್ದರು. ಅದರ ಪಕ್ಕದಲ್ಲೇ ಕೂತಿದ್ದವನನ್ನು ಯಾರೂ ಕೇಳಿರಲಿಲ್ಲ.

ಗದಿಗಯ್ಯ ಹೋಗಿ ಕೇಳಿದ. ಈ ಸಲ ಮೊದಲೇ ಗಟ್ಟಿಯಾಗಿ ಕೇಳಿದ.

ಯಮನಪ್ಪ ಅವನ ಕಡೆ ತಿರುಗಲಿಲ್ಲ. ಪಾನಾ ಒರೆಸುತ್ತಿದ್ದ ಮಿಸ್ತ್ರಿಗೆ ಹೇಳಿದ.

"ನೀರು ಮೊದಲು ಮ್ಯಾಲೆ ಹೋಗಲಿ ಮಿಸ್ತ್ರಿ. ನಿಮ್ಮ ಇಂಜಿನ್ನು ತಂದು ಹಾಕ್ರಿ. ಇದನ್ನ ಗುಜರಿಗೆ ಹಾಕೂದು ಬ್ಯಾಡ. ಮಳಿಗಾಲದಾಗ ಹಳ್ಳ ಬಂದು ಹಾದಿ ಕಟ್ಟಿದಾಗ ಹೆಂಗೂ ಲಾರಿ ನಿಂತಿರತೈತಿ. ಆವಾಗ ಪುರುಸೊತ್ತಾಗಿ ರಿಪೇರಿ ಮಾಡಿ ಇದನ್ನ ತಿರುಗಿ ಕೂಡಿಸಿದ್ರಾತು. ಗುಡ್ಡ ಹತ್ತಾಕ ಇದರಂಥಾದ್ದು ಸಿಗೂದಿಲ್ಲ."

ಮಿಸ್ತ್ರಿ ಬಾಯಲ್ಲಿದ್ದ ಎಲೆ ಉಗುಳಿ, ಇದನ್ನು ಮೊದಲ ದಿನವೇ ಹೇಳಬಾರದಿತ್ತೇ ಎಂದು ಯಮನಪ್ಪನನ್ನು ಗದರಿದ.

"ಯಾರು ಕೇಳಿದ್ರು?" ಅಂದ ಯಮನಪ್ಪ.

ಮರುದಿನ ಮಿಸ್ತ್ರಿಯ ಇಂಜಿನ್ನು ಟೆಂಪೋದಲ್ಲಿ ಬಂತು. ಬೇವಿನ ಕೊಂಬೆಗೆ ಭಾರ ಎತ್ತುವ ಕಪ್ಪಿ ಕಟ್ಟಿ ಹಳೆಯದನ್ನು ಇಳಿಸಿದರು. ಗದಿಗಯ್ಯ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಗೋಣಿ ಸುತ್ತಿ ಕೊಟ್ಟಿಗೆಯಲ್ಲಿಟ್ಟ. ಒಪ್ಪತ್ತು ಊಟದ ಮಾತು ಅವನೂ ಎತ್ತಲಿಲ್ಲ, ಅವ್ವನವರೂ ಎತ್ತಲಿಲ್ಲ. ಕರೆದಾಗ ಬಂದು ಪಂಕ್ತಿಯಲ್ಲಿ ಕೂತು ಉಂಡ.

ಆ ಎರಡು ದಿನವೂ ಯಮನಪ್ಪ ಮರದ ಕೆಳಗಿಂದ ಕೆಲಸ ನೋಡಿದ. ಬೋಲ್ಟು ತಪ್ಪು ತೂತಿಗೆ ಹೋದರೆ ಮಿಸ್ತ್ರಿಯನ್ನು ಕೂಗಿ ಹೇಳುತ್ತಿದ್ದ. ಗದಿಗಯ್ಯನೊಂದಿಗೆ ಒಂದು ಮಾತೂ ಆಡಲಿಲ್ಲ. ಗದಿಗಯ್ಯ ಚಹಾ ತಂದಿಟ್ಟರೆ ಅದು ಅಲ್ಲೇ ಆರುತ್ತಿತ್ತು.

ಶನಿವಾರ ಬೆಳಿಗ್ಗೆ ಟಾಕಿ ತುಂಬಿತು. ಯಮನಪ್ಪನ ಕೈ ಕೂಡುವವರೆಗೆ ಗದಿಗಯ್ಯನೇ ಓಡಿಸಬೇಕೆಂದು ಗೊತ್ತಾಗಿತ್ತು. ಅವನು ಸ್ಟೇರಿಂಗಿನ ಮುಂದೆ ಕೂತ. ಪಕ್ಕದ ಸೀಟು ಖಾಲಿ ಇತ್ತು.

ಆಗ ಯಮನಪ್ಪ ಮರದ ಕೆಳಗಿಂದ ಎದ್ದ. ಯಾರನ್ನೂ ಕೇಳಲಿಲ್ಲ. ಎಡಗೈಯಲ್ಲಿ ಬಾಗಿಲ ಹಿಡಿ ಹಿಡಿದು, ಎರಡು ಸಲ ಜಾರಿ, ಮೂರನೆಯ ಸಲಕ್ಕೆ ಹತ್ತಿ ಕೂತ. ಗದಿಗಯ್ಯ ನೆರವಿಗೆ ಕೈ ಚಾಚಲಿಲ್ಲ. ಚಾಚಬಾರದೆಂದು ತಿಳಿದಿತ್ತು.

ಚಾಲೂ ಮಾಡಿದ. ಇಂಜಿನ್ನು ಒಮ್ಮೆ ಕೆಮ್ಮಿ, ಕಪ್ಪು ಹೊಗೆ ಉಗುಳಿ, ನಿಂತಿತು. ಮತ್ತೆ ಮಾಡಿದ. ಈ ಸಲ ಹಿಡಿಯಿತು. ಅಂಗಳದಲ್ಲಿದ್ದವರೆಲ್ಲ ಹತ್ತಿರ ಬಂದರು. ಅವ್ವನವರು ಕೋಲೂರಿಕೊಂಡು ಬಾಗಿಲ ಬಳಿ ಬಂದು ನಿಂತರು.

ಗದಿಗಯ್ಯ ಸ್ಟೇರಿಂಗು ಬಿಟ್ಟು ಎರಡೂ ಕೈ ಜೋಡಿಸಿ, ಅವ್ವನವರ ಮುಖ ನೋಡುತ್ತ ಕಾದ. ಅವರ ಬಾಯಿಂದ ಒಂದು ಮಾತು ಬಂದರೆ ಹೊರಡಬಹುದಿತ್ತು.

"ಸಪ್ಪಳ ಹೆಂಗೈತ್ರಿ?"

ಯಮನಪ್ಪ ಕೇಳಿದ್ದ. ಮುಖ ನೇರ ಹಾದಿಯ ಕಡೆಗೇ ಇತ್ತು. ಪಂಕ್ತಿಯ ದಿನದಿಂದ ಈಚೆಗೆ ಅವನು ಗದಿಗಯ್ಯನಿಗೆ ಆಡಿದ ಮೊದಲ ಮಾತು ಅದು.

ಗದಿಗಯ್ಯನ ಜೋಡಿಸಿದ ಕೈ ಹಾಗೇ ಇತ್ತು. ಕಣ್ಣು ಅವ್ವನವರ ಮೇಲೇ ಇತ್ತು.

"ನನ್ನ ಕಡೆ ಯಾಕ ನೋಡ್ತಿ ಗದಿಗಯ್ಯಾ?" ಅಂದರು ಅವ್ವನವರು. "ಅವ ಕೇಳಾಕತ್ಯಾನ. ಅವಂಗ ಹೇಳು."